ತೂಬಿನ ಪಕ್ಕದ ಹುಲ್ಲು

ವರ್ತೂರಿನ ಆಚೆಗಿದ್ದ ನಮ್ಮೂರಿನಲ್ಲಿ ಕೆರೆ ಏರಿಯ ಹುಲ್ಲು ಯಾರೊಬ್ಬರದೂ ಆಗಿರಲಿಲ್ಲ. ಬೇಸಿಗೆ ಶುರುವಾಗುತ್ತಿದ್ದಂತೆ ಹಸು ಇದ್ದ ಮನೆಯವರೆಲ್ಲ ಸೇರಿ ಗೂಟ ಹೊಡೆದು ಪಾಲು ಮಾಡುತ್ತಿದ್ದರು. ಯಾರಿಗೆ ಯಾವ ಪಾಲು ಎಂಬುದಕ್ಕೆ ಚೀಟಿ ಎತ್ತುತ್ತಿದ್ದರು. ಗದ್ದೆಗೆ ನೀರು ಬಿಡುವ ತೂಬಿನ ಪಕ್ಕದಲ್ಲಿ ತೇವ ಆರುತ್ತಿರಲಿಲ್ಲ. ಅಲ್ಲಿನ ಹುಲ್ಲು ಮಳೆಗಾಲದವರೆಗೂ ಹಸಿರು. ಎಲ್ಲರ ಕಣ್ಣೂ ಅದರ ಮೇಲೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಓದಿದ ಹುಡುಗಿ ಎಂದು ಚೀಟಿ ಬರೆಯುವ ಕೆಲಸ ನನಗೆ ಕೊಟ್ಟರು. ಅಪ್ಪ ತೀರಿಕೊಂಡ ಮೇಲೆ ಡೇರಿಗೆ ಹಾಕುವ ಹಾಲೇ ನಮಗೆ ಆಧಾರ, ನಮ್ಮ ಸೀಮೆಹಸು ಆಗ ಗಬ್ಬವಾಗಿತ್ತು. ತೂಬಿನ ಪಾಲಿನ ಚೀಟಿಯ ಮೂಲೆಯನ್ನು ಒಳಕ್ಕೆ ಮಡಚಿ ಅಮ್ಮನ ಕಿವಿಯಲ್ಲಿ ಹೇಳಿದೆ: "ಮೂಲೆ ದಪ್ಪ ಇರೋದ್ನ ಎತ್ಕೊ." ಅಮ್ಮ ಸೆರಗು ಸಿಕ್ಕಿಸಿಕೊಂಡು ಏರಿಯ ಕಡೆ ಹೊರಟಳು.

ಏರಿಯ ಮೇಲೆ ಎಲ್ಲರೂ ಸೇರಿದರು. ನಮ್ಮ ಸರದಿ ಬಂದಾಗ ಅಮ್ಮ ಚೀಟಿಗಳಿದ್ದ ಬೋಸಿಗೆ ಕೈ ಹಾಕಿದಳು. ಬೆರಳು ಆ ಚೀಟಿಯ ಮೇಲೆ ನಿಂತದ್ದು ನನಗೆ ಕಂಡಿತು. ಆದರೆ ಕೈ ಬರಿದಾಗಿಯೇ ಹೊರಬಂತು.

"ನನ್ ಮಗಳು ಒಂದು ಚೀಟಿಗೆ ಗುರ್ತು ಮಾಡವ್ಳೆ. ತೆಪ್ಪಾಯ್ತು. ಎಲ್ಲಾನೂ ಅರಿದಾಕಿ ಒಸದಾಗಿ ಬರ್ಸಿ" ಎಂದಳು.

ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ತೂಬು ನೋಡಿಕೊಳ್ಳುತ್ತಿದ್ದ ತಾತ ಪೆನ್ನನ್ನು ನನ್ನ ಕೈಗೇ ಕೊಟ್ಟು, "ನೀನೇ ಬರಿ ಅಮ್ಮಣ್ಣಿ, ಎಲ್ರೂ ನೋಡ್ತಾ ಇರ್ತೀವಿ" ಎಂದರು. ಬರೆಯುವಾಗ ಮೂರು ಚೀಟಿ ಹಾಳು ಮಾಡಿದೆ.

ನಮಗೆ ಕಲ್ಲು ತುಂಬಿದ ಪಾಲು ಬಂತು. ತೂಬಿನ ಪಾಲು ಎದುರು ಮನೆಯ ಅಕ್ಕನಿಗೆ. ನಮ್ಮ ಹಸು ಕರು ಹಾಕಿದ ದಿನ ಅವಳೇ ಒಂದು ಹೊರೆ ಹಸಿ ಹುಲ್ಲು ತಂದು ಜಗಲಿಯ ಮೇಲೆ ಇಳಿಸಿ, "ಬಾಣ್ತಿ ಹಸ, ತಿನ್ಲಿ ಬುಡಕ್ಕ" ಎಂದು ಅಮ್ಮನಿಗೆ ಹೇಳಿ ಹೋದಳು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಅಮ್ಮ ಆ ವಿಷಯವನ್ನು ಎಂದೂ ಎತ್ತಲಿಲ್ಲ. ತಪ್ಪಾಯಿತು ಎಂದು ನಾನೂ ಯಾರಲ್ಲೂ ಹೇಳಲಿಲ್ಲ.

ಮರುವರ್ಷವೂ ಬರೆಯಲು ನನ್ನನ್ನೇ ಕರೆದರು. ತಲೆನೋವೆಂದು ಹೇಳಿ ಕಳಿಸಿ, ಗೋಡೆಗೆ ಮುಖ ಮಾಡಿ ಮಲಗಿದೆ. ಮುಂದಿನ ಬೇಸಿಗೆಗೆ ಹೋಗೋಣ, ಎಲ್ಲರೆದುರು ಆ ಒಂದು ಮಾತು ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಸುತ್ತ ಎದ್ದ ಕಟ್ಟಡಗಳ ಕೊಳಚೆ ಕೆರೆಗಿಳಿಯಿತು. ಹುಲ್ಲಿಗೆ ವಾಸನೆ ಹತ್ತಿ ಹಸುಗಳು ಮೂಸಿ ಬಿಡತೊಡಗಿದವು. ಪಾಲು ಮಾಡಲು ಯಾರೂ ಸೇರಲಿಲ್ಲ. ನನ್ನನ್ನು ಯಾರೂ ಕರೆಯಲಿಲ್ಲ.