ಏಳು ಮುಚ್ಚಳದ ಡಬ್ಬಿ

ಈಗಷ್ಟೇ ಮಹಡಿಯಿಂದ ನಮ್ಮವರ ಕೂಗು ಕೇಳಿಸಿತು: "ನನ್ನ ಬಿಪಿ ಮಾತ್ರೆ ಎಲ್ಲಿಟ್ಟಿದ್ದೀಯೇ?" ಬಿಪಿ ಅವರದು, ಮಾತ್ರೆ ಅವರದು, ಅದು ಎಲ್ಲಿದೆ ಎನ್ನುವುದು ಮಾತ್ರ ನನಗೆ ಗೊತ್ತಿರಬೇಕು. ನಿಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಈ ಕೂಗು ಏಳುವುದಿಲ್ಲವೆಂದರೆ ನಿಮ್ಮನ್ನು ಕಂಡು ನನಗೆ ಹೊಟ್ಟೆಕಿಚ್ಚು. ಎಂದಿನಂತೆ ಕುರ್ಚಿಯಿಂದ ಅರ್ಧ ಎದ್ದೆ. ಅಷ್ಟರಲ್ಲಿ ವಸುಧಾ ಆಂಟಿ ನೆನಪಾದರು, ಮತ್ತೆ ಕುಳಿತುಬಿಟ್ಟೆ.

ಟೆಕ್ಸಾಸಿನ ರೌಂಡ್ ರಾಕ್‌ನಲ್ಲಿ ನಮ್ಮ ಹಿತ್ತಿಲ ಬೇಲಿಯ ಆಚೆಗೆ ಅವರ ಮನೆಯಿತ್ತು. ಆಂಟಿಯೂ ಅವರ ಯಜಮಾನರು ಗುರುನಾಥ ಅಂಕಲ್ಲೂ ಧಾರವಾಡದವರು. ಅಂಕಲ್ ಸೇತುವೆ ಕಟ್ಟುವ ಎಂಜಿನಿಯರ್. ಡಾಲಸ್ಸಿಗೆ ಹೋಗುವಾಗ ಯಾವುದಾದರೂ ಫ್ಲೈಓವರ್ ಬಂದರೆ ಸಾಕು, "ಇದರ ಲೆಕ್ಕಾ ನಂದು ನೋಡ್ವಾ" ಎನ್ನುವರು. ಅಷ್ಟು ಭಾರದ ಲೆಕ್ಕ ಗೊತ್ತಿದ್ದವರಿಗೆ ತಮ್ಮ ಬನಿಯನ್ ಯಾವ ಡ್ರಾಯರಿನಲ್ಲಿದೆ ಎಂದು ಗೊತ್ತಿರಲಿಲ್ಲ. ಸ್ನಾನಕ್ಕೆ ಹೋಗುವ ಮೊದಲೇ ಟವೆಲ್ ಅಲ್ಲಿ ನೇತಾಡುತ್ತಿರಬೇಕು, ಹೊರಬಂದರೆ ಮಂಚದ ಮೇಲೆ ಬಟ್ಟೆ ಕಾದಿರಬೇಕು. ಅವರ ಮಾತ್ರೆಗಳಿಗೆಂದೇ ಉದ್ದನೆಯ ಒಂದು ಪ್ಲಾಸ್ಟಿಕ್ ಡಬ್ಬಿಯಿತ್ತು, ವಾರದ ಏಳು ದಿನಕ್ಕೆ ದಿನದ ಹೆಸರು ಬರೆದ ಏಳು ಮುಚ್ಚಳ. ಪ್ರತಿ ಭಾನುವಾರ ಆಂಟಿ ಅದನ್ನು ತುಂಬುವರು. ದಿನಾ ಬೆಳಿಗ್ಗೆ ಚಹಾ ಆದಮೇಲೆ ಆ ದಿನದ ಮುಚ್ಚಳ ತೆಗೆದು ಗಂಡನ ಅಂಗೈಗೆ ಸುರಿಯುವರು. ಅಂಕಲ್ ಪೇಪರಿನಿಂದ ಕಣ್ಣೆತ್ತದೆ ನುಂಗುವರು.

ಹೀಗೇ ನಡೆಯುತ್ತಿರಲು ಅಂಕಲ್‌ರ ಕಣ್ಣು ಮಂಜಾಗಿ ಡ್ರೈವಿಂಗ್ ನಿಂತಿತು. ಆಂಟಿ ಒಮ್ಮೆ ಮೆಟ್ಟಿಲಿನಿಂದ ಜಾರಿದರು. ಹ್ಯೂಸ್ಟನ್ನಿನಲ್ಲಿ ಡಾಕ್ಟರಾಗಿರುವ ಮಗಳು ಮಾಲಾ, ಇನ್ನು ಈ ಮನೆ ಸಾಕು, ವಯಸ್ಸಾದವರಿಗೆಂದೇ ಇರುವ ಜಾಗಕ್ಕೆ ಹೋಗಿ ಎಂದು ಹಟ ಹಿಡಿದಳು.

ಅಂಕಲ್‌ಗೆ ಮೊದಲು ಅರಿಜೋನಾದ ಹುಚ್ಚು ಹತ್ತಿತು. ಮರಳುಗಾಡಿನ ಒಣ ಹವೆ ಮೊಣಕಾಲಿಗೆ ಒಳ್ಳೆಯದಂತೆ, ನಿವೃತ್ತರ ಊರುಗಳೇ ಇವೆಯಂತೆ. ಇಬ್ಬರೂ ಹೋಗಿ ನೋಡಿ ಬಂದರು. ಹುಲ್ಲಿನ ಬದಲು ಜಲ್ಲಿಕಲ್ಲು ಹಾಸಿದ ಅಂಗಳ, ಕಳ್ಳಿಗಿಡ, ಗಾಲ್ಫ್ ಗಾಡಿಯಲ್ಲಿ ಓಡಾಡುವ ಅಜ್ಜ ಅಜ್ಜಿಯರು. ಮನೆಯ ಬೆಲೆಯೂ ಕೈಗೆಟುಕುವಂತಿತ್ತು. ಆದರೆ ಆಂಟಿ ಆ ಮಾರಾಟದವನನ್ನು ಒಂದೇ ಪ್ರಶ್ನೆ ಕೇಳಿದರಂತೆ: ಬಿದ್ದರೆ ಎತ್ತುವವರು ಯಾರು? ಅಲ್ಲಿ ಮಾರುತ್ತಿದ್ದದ್ದು ಮನೆ ಮಾತ್ರ. ಸಹಾಯ ಬೇಕಾದರೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಜನರನ್ನು ಕರೆಸಿಕೊಳ್ಳಬೇಕು, ಇಲ್ಲವೇ ಮತ್ತೆ ಗಂಟುಮೂಟೆ ಕಟ್ಟಬೇಕು.

ಕೊನೆಗೆ ಒಪ್ಪಿಗೆಯಾದದ್ದು ಆಸ್ಟಿನ್ನಿನ ಉತ್ತರಕ್ಕಿದ್ದ ಒಂದು ಜಾಗ. ಅಲ್ಲಿ ಎರಡು ಕಟ್ಟಡಗಳು. ಒಂದರಲ್ಲಿ, ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರಿಗೆ ಪುಟ್ಟ ಅಡುಗೆಮನೆಯಿರುವ ಫ್ಲ್ಯಾಟುಗಳು. ಅದರ ಬಾಡಿಗೆ ಅವರ ವರಮಾನದಲ್ಲಿ ನೀಗುವಂತಿತ್ತು. ಅಂಗಳದಾಚೆಯ ಇನ್ನೊಂದು ಆರೈಕೆ ಬೇಕಾದವರದು, ಬರೀ ಒಂಟಿ ಕೋಣೆಗಳು. ಅಲ್ಲಿ ಸ್ನಾನಕ್ಕೆ ಕೈಹಿಡಿದರೆ ಒಂದು ದರ, ಬಟ್ಟೆ ತೊಡಿಸಿದರೆ ಇನ್ನೊಂದು, ಮಾತ್ರೆ ಕೊಟ್ಟರೆ ಮತ್ತೊಂದು. ವಯಸ್ಸಾದವರಿಗೆ ಸರಕಾರ ಕೊಡುವ ವಿಮೆ ಮೆಡಿಕೇರ್ ಈ ಬಾಡಿಗೆಯತ್ತ ತಿರುಗಿಯೂ ನೋಡುವುದಿಲ್ಲ. ಒಬ್ಬರು ಅಲ್ಲಿ ಸೇರಿದರೂ ಮನೆ ಮಾರಿದ ಹಣ ಕಣ್ಣೆದುರೇ ಕರಗುತ್ತದೆ.

"ನಂದೊಂದ ಷರತ್ತು," ಅಂದರು ಅಂಕಲ್. "ಇಬ್ಬರಿಗೂ ಒಂದ ಬಾಗಲಾ ಇರಬೇಕು."

ಯಾರು ಯಾವ ಕಟ್ಟಡಕ್ಕೆ ಎಂದು ತೀರ್ಮಾನಿಸಲು ಆ ಜಾಗದ ನರ್ಸ್ ಮನೆಗೇ ಬಂದಳು. ಮಾಲಾ ಫೋನಿನ ಸ್ಪೀಕರಿನಲ್ಲಿ, ನಾನು ಪಕ್ಕದ ಕುರ್ಚಿಯಲ್ಲಿ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು; ನಿಮಗೆ ಕನ್ನಡದಲ್ಲೇ ಹೇಳುತ್ತೇನೆ. ನರ್ಸ್ ಅಂಕಲ್ಲನ್ನು ಕೇಳಿದಳು, ನಿಮ್ಮ ಮಾತ್ರೆ ನೀವೇ ತೆಗೆದುಕೊಳ್ಳುತ್ತೀರಾ?

"ಛೇ ಛೇ, ನಾನೇ ಕೊಡತೀನಿ," ಅಂದರು ಆಂಟಿ.

ಬಟ್ಟೆ?

"ಅವರಿಗೇನ ತಿಳೀತದ? ನಾನೇ ತೆಗೆದಿಡತೀನಿ."

ಊಟ ನೀವೇ ಬಡಿಸಿಕೊಳ್ಳುತ್ತೀರಾ?

"ನಾ ಇರೂತನಕಾ ಆ ಕೆಲಸಾ ಅವರಿಗೆ ಹಚ್ಚಿಲ್ಲ!"

ಆಂಟಿಯ ಮುಖ ಹೆಮ್ಮೆಯಿಂದ ಅರಳಿತ್ತು. ಐವತ್ತು ವರ್ಷ ಗಂಡನನ್ನು ಕಣ್ಣಿನ ಗೊಂಬೆಯ ಹಾಗೆ ನೋಡಿಕೊಂಡದ್ದಕ್ಕೆ ಇವತ್ತು ಯಾರೋ ಬಂದು ಮೆಚ್ಚುಗೆ ಕೊಡುತ್ತಿದ್ದಾರೆ ಎಂದುಕೊಂಡಿದ್ದರು. ನರ್ಸಿನ ಬೆರಳು ಉತ್ತರಗಳನ್ನು ಒತ್ತುತ್ತ ಟ್ಯಾಬ್ಲೆಟ್ ಕಂಪ್ಯೂಟರಿನ ಮೇಲೆ ಓಡುತ್ತಲೇ ಇತ್ತು. "ಅಮ್ಮಾ, ಪ್ಲೀಸ್ ಸ್ಟಾಪ್ ಆನ್ಸರಿಂಗ್ ಫಾರ್ ಹಿಮ್!" ಎಂದು ಮಾಲಾ ಕಿರುಚುವಷ್ಟರಲ್ಲಿ ಕಾಲ ಮಿಂಚಿತ್ತು. ದಿನಾ ಮೈಲುಗಟ್ಟಲೆ ನಡೆಯುವ, ಗುಂಡುಕಲ್ಲಿನಂಥ ಮನುಷ್ಯನಿಗೆ ಆರೈಕೆಯ ಕಟ್ಟಡ ಎಂದು ಫಲಿತಾಂಶ ಬಂತು. ಆಂಟಿಗೆ ಫ್ಲ್ಯಾಟು. ನಡುವೆ ಅಂಗಳ.

ಮಾಲಾ ಕಾಡಿ ಬೇಡಿ ಒಂದು ತಿಂಗಳ ಅವಕಾಶ ಪಡೆದಳು. ಆಮೇಲೆ ಮತ್ತೆ ನೋಡುತ್ತೇವೆ, ಅದೇ ಕೊನೆ ಎಂದರು ಆ ಜಾಗದವರು. ಆ ತಿಂಗಳು ಅಂಕಲ್‌ಗೆ ಪಾಠ, ಆಂಟಿಗೆ ಕೆಲಸದ ಉಪವಾಸ. ದಿನಾ ಬೆಳಿಗ್ಗೆ ಹೋಗಿ ಆಂಟಿಯನ್ನು ಸೋಫಾದಲ್ಲಿ ಕೂರಿಸಿ ಏಳದಂತೆ ಕಾಯುವ ಕೆಲಸ ನನ್ನದು. ನಮ್ಮವರ ಸಾಕ್ಸನ್ನು ಕೈಗೆ ಕೊಟ್ಟು ಅಲ್ಲಿಗೆ ಹೋಗಿ ನಾನು ಸ್ವಾವಲಂಬನೆಯ ಉಪದೇಶ ಮಾಡುತ್ತಿದ್ದೆ, ನೋಡಿ! ಅಂಕಲ್ ಚಹಾಕ್ಕೆ ಉಪ್ಪು ಹಾಕಿದರು, ಬನಿಯನ್ ತಿರುಗುಮುರುಗಾಗಿ ತೊಟ್ಟರು, ಆದರೂ ಬಿಡಲಿಲ್ಲ. ಮಾತ್ರೆಯ ಡಬ್ಬಿ ಅಡುಗೆಮನೆಯ ಕಟ್ಟೆಯಿಂದ ಅವರ ಬಾತ್‌ರೂಮಿನ ಕಪಾಟಿಗೆ ಹೋಯಿತು. ಭಾನುವಾರ ಅವರೇ ತುಂಬಿಕೊಂಡರು. ಆಂಟಿ ಕೈ ಹೊಸೆಯುತ್ತ ನೋಡಿದರು.

ದಿನ ಕಳೆದಂತೆ ಆಂಟಿ ಮಂಕಾದರು. ಹೇಳಿದ್ದನ್ನೇ ಹೇಳುವರು. ಒಂದು ಮಧ್ಯಾಹ್ನ, "ಇವರಿಗೆ ಊಟಕ್ಕ ಹಾಕಿದ್ನ್ಯಾ?" ಎಂದು ನನ್ನನ್ನು ಕೇಳಿದರು. ಅಂಕಲ್ ಆಗಷ್ಟೇ ಉಂಡು ಕೈತೊಳೆದಿದ್ದರು. ಕೆಲಸವಿಲ್ಲದೆ ಬೇಜಾರಾಗಿದೆ ಎಂದುಕೊಂಡು ನಾನು ನಕ್ಕುಬಿಟ್ಟೆ. ಅಂಕಲ್ ನಗಲಿಲ್ಲ.

ನರ್ಸ್ ಮತ್ತೆ ಬಂದ ದಿನವೂ ಮಾಲಾ ಫೋನಿನ ಸ್ಪೀಕರಿನಲ್ಲಿ, ನಾನು ಪಕ್ಕದ ಕುರ್ಚಿಯಲ್ಲಿ. ಅಂಕಲ್ ಚಹಾ ಮಾಡಿ ಕೊಟ್ಟರು, ಮಾತ್ರೆಗಳ ಹೆಸರು ಒಪ್ಪಿಸಿದರು, ಯಾವ ಅಂಗಿ ಎಲ್ಲಿದೆ ಎಂದು ತೋರಿಸಿದರು. ನರ್ಸ್ ಮುಗುಳ್ನಕ್ಕು ತಲೆದೂಗಿದಳು. ಗೆದ್ದೆವು ಎಂದು ನಾನು ಉಸಿರು ಬಿಟ್ಟೆ. ಆಗ ಅವಳು ಆಂಟಿಯ ಕಡೆ ತಿರುಗಿ, ಇಬ್ಬರನ್ನೂ ಕೇಳುವುದು ಪದ್ಧತಿ ಎಂದು ಹೇಳಿ, ಮೆಲ್ಲಗೆ ಕೇಳಿದಳು: ಇವತ್ತು ಯಾವ ವಾರ?

ಆಂಟಿ ನಕ್ಕರು. ಅಂಕಲ್‌ರ ಮುಖ ನೋಡಿದರು. ಅಂಕಲ್ ಬಾಯಿ ತೆರೆಯುವಷ್ಟರಲ್ಲಿ ನರ್ಸ್ ಬೇಡವೆಂದು ಕೈ ಎತ್ತಿದಳು. ಆಂಟಿಯ ಕಣ್ಣು ಅಡುಗೆಮನೆಯ ಕಟ್ಟೆಯ ಮೇಲೆ ಅತ್ತಿತ್ತ ಓಡಿತು. ಆಮೇಲೆ ನನಗೆ ಕನ್ನಡದಲ್ಲಿ, ಗುಟ್ಟು ಹೇಳುವಂತೆ ಕೇಳಿದರು:

"ಡಬ್ಬಿ ಎಲ್ಲೆದವಾ? ಡಬ್ಬಿ ನೋಡಿ ಹೇಳತೀನಿ."

"ಯಾವ ಡಬ್ಬಿ ಆಂಟಿ?"

"ಇವರ ಗುಳಿಗೀದು. ನಿನ್ನೆ ತೆಗೆದದ್ದು ಖಾಲಿ ಇರ್ತದ, ಅದರ ಮುಂದಿಂದು ಇವತ್ತು. ಅದಿಲ್ದ ನನಗ ಹೆಂಗ ತಿಳೀಬೇಕು?"

ಎಷ್ಟು ಕಾಲದಿಂದಲೋ ಆಂಟಿ ಗಂಡನ ಮಾತ್ರೆ ಹಿಡಿದುಕೊಂಡು ದಿನವನ್ನು ದಾಟುತ್ತಿದ್ದರು, ಅವರ ಊಟ ಹಿಡಿದುಕೊಂಡು ಹೊತ್ತನ್ನು. ನಾವು ಒಂದೊಂದಾಗಿ ಎಲ್ಲವನ್ನೂ ಕೈಯಿಂದ ಬಿಡಿಸಿದ್ದೆವು. ನರ್ಸ್ ಇನ್ನಷ್ಟು ಕೇಳಿದಳು. ಆಂಟಿ ಕೆಲವಕ್ಕೆ ಉತ್ತರಿಸಿದರು, ಹಲವಕ್ಕೆ ನಕ್ಕರು. ಫೋನಿನಲ್ಲಿ ಮಾಲಾ ಅಳುತ್ತಿದ್ದುದು ಕೇಳಿಸುತ್ತಿತ್ತು.

"ನನಗ ಸಂಶಯ ಬಂದಿತ್ತು," ಎಂದು ಅಂಕಲ್ ನನಗಷ್ಟೇ ಕೇಳುವಂತೆ ಹೇಳಿದರು. "ಬಾಯಿ ಬಿಟ್ರ ಇಕೀನ್ನ ಆ ಕಟ್ಟಡಕ್ಕ ಒಯ್ತಾರಂತ ಸುಮ್ನಿದ್ದೆ."

ನರ್ಸ್ ಅವರತ್ತ ತಿರುಗಿದಳು. ಇವರಿಗೆ ಮಾತ್ರೆ ಯಾರು ಕೊಡುತ್ತಾರೆ?

"ನಾನೇ ಕೊಡತೀನಿ."

ಬಟ್ಟೆ?

"ನಾನೇ ತೆಗೆದಿಡತೀನಿ."

ಸ್ನಾನದ ಹೊತ್ತಿಗೆ?

"ಬಾಗಲ ಹೊರಗ ನಾ ನಿಂತಿರತೀನಿ."

ತಿಂಗಳ ಹಿಂದೆ ಆಂಟಿ ಹೇಳಿದ ಮಾತುಗಳೇ, ಅದೇ ಹೆಮ್ಮೆಯೇ. ಈ ಸಲ ನರ್ಸಿನ ಬೆರಳು ಟ್ಯಾಬ್ಲೆಟ್ಟಿನ ಮೇಲೆ ಓಡಲಿಲ್ಲ.

ಆ ವಾರ ಫೋನ್ ಬರುವವರೆಗೆ ಎರಡು ಮನೆಯಲ್ಲೂ ಯಾರಿಗೂ ಅನ್ನ ರುಚಿಸಲಿಲ್ಲ. ಫ್ಲ್ಯಾಟು ಸಿಕ್ಕಿತು, ಇಬ್ಬರಿಗೂ ಒಂದೇ ಬಾಗಿಲು. ಆಗಾಗ ಬಂದು ನೋಡುತ್ತೇವೆ, ಯಜಮಾನರ ಕೈಯಲ್ಲಿ ಆಗದ ದಿನ ಆಂಟಿ ಅಂಗಳ ದಾಟಬೇಕು ಎಂಬ ಕರಾರು. ಆ ದಿನ ಅವರ ತಲೆಯ ಮೇಲೆ ಈಗಲೂ ತೂಗುತ್ತಿದೆ.

ಹೋದ ವಾರ ಹೋಗಿದ್ದೆ. ಅಂಕಲ್ ಮಾಡಿದ ಚಹಾ ಚೆನ್ನಾಗಿತ್ತು. ಡಬ್ಬಿ ಮತ್ತೆ ಅಡುಗೆಮನೆಯ ಕಟ್ಟೆಗೆ ಬಂದಿದೆ. ತುಂಬುವವರು ಅಂಕಲ್, ಮುಚ್ಚಳ ತೆಗೆಯುವವರು ಆಂಟಿ. ಆಂಟಿಯ ಬೆರಳು ಶುಕ್ರವಾರದ ಮೇಲೆ ನಿಂತಿತು. ಅಂಕಲ್ ಮೆತ್ತಗೆ ಕೆಮ್ಮಿದರು. ಬೆರಳು ಒಂದು ಮನೆ ಹಿಂದೆ ಸರಿಯಿತು, ಮುಚ್ಚಳ ತೆರೆಯಿತು.

"ಇವರಿಗೇನ ತಿಳೀತದವಾ, ನಾನೇ ಕೊಡಬೇಕು," ಅಂದರು ಆಂಟಿ. ಅಂಕಲ್ ಅಂಗೈ ಚಾಚಿದರು.

ಮಹಡಿಯಿಂದ ಮತ್ತೆ ಕೂಗು. "ನೀವೇ ಹುಡುಕಿಕೊಳ್ಳಿ!" ಎಂದೆ. ಡ್ರಾಯರುಗಳು ಒಂದೊಂದಾಗಿ ತೆರೆದು ಮುಚ್ಚುವ ಸದ್ದು. ಬೇರೆ ದಿನವಾಗಿದ್ದರೆ ಇಲ್ಲೇ ಕೂತು ನಗುತ್ತಿದ್ದೆ. ಇವತ್ತು ಕಣ್ಣು ಮುಚ್ಚಿ ನನ್ನನ್ನೇ ಕೇಳಿಕೊಂಡೆ: ಎಲ್ಲಿಟ್ಟಿದ್ದೇನೆ? ಬಾತ್‌ರೂಮಿನ ಕಪಾಟು, ಮೇಲಿನ ಅರೆ, ಟೂತ್‌ಪೇಸ್ಟಿನ ಹಿಂದೆ. ಹೌದಲ್ಲವೇ? ಅಥವಾ ಅದು ಹೋದ ತಿಂಗಳೇ?

"ಸಿಕ್ತು ಕಣೇ!" ಎಂದರು ಮೇಲಿನಿಂದ.

"ಎಲ್ಲಿತ್ತು?" ಎಂದೆ. ಎದ್ದು ಮೆಟ್ಟಿಲ ಬುಡಕ್ಕೆ ಹೋಗಿ ಕಂಬಿ ಹಿಡಿದು, ಅವರ ಉತ್ತರಕ್ಕೆ ಕಾದು ನಿಂತೆ.