ಹೊಟ್ಟು, ತೌಡು ಮತ್ತು ಯಲಬುರ್ಗಾದ ಕೇಕು

ನಾನು ಕೇಕ್ ಮಾಡುವವಳು. ಗಂಗಾವತಿಯ ಒಂದು ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಗಂಡ ಅದೇ ಗಿರಣಿಯಲ್ಲಿ ಸೂಪರ್‌ವೈಸರ್. ಅನ್ನ ಉಣ್ಣುವ ಊರಲ್ಲಿ ಕೇಕ್ ಯಾರು ತಿಂತಾರೆ ಅಂತ ನಕ್ಕವರ ಮನೆಯ ಹುಟ್ಟುಹಬ್ಬಕ್ಕೂ ಈಗ ನನ್ನದೇ ಕೇಕ್. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ತನಕ ನಾನೇ ಕಾರು ಓಡಿಸಿಕೊಂಡು ಹೋಗಿ ಮುಟ್ಟಿಸಿ ಬರುತ್ತೇನೆ. ಕಾರು ಹಳೆಯದು, ಬೇರೆಯವರ ಕೈಯಲ್ಲಿ ಸವೆದು ನಮಗೆ ಬಂದದ್ದು. ಅದರ ಎಸಿ ತಣ್ಣಗಿದ್ದರೆ ಕ್ರೀಮು ನಿಲ್ಲುತ್ತದೆ, ಕ್ರೀಮು ನಿಂತರೆ ನನ್ನ ಮಾನ ಉಳಿಯುತ್ತದೆ.

ಆ ಬೇಸಿಗೆಯಲ್ಲಿ ಎಸಿ ಕೈಕೊಟ್ಟಿತು. ಪೂರ್ತಿ ಸತ್ತಿದ್ದರೆ ಒಂದು ಮಾತು. ಹಾಗೂ ಇಲ್ಲ. ಬಾನೆಟ್ಟಿನೊಳಗೆ ಟಕ್ ಅಂತ ಕಂಪ್ರೆಸರ್ ಶುರುವಾಗುವುದು, ಹಣೆಯ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಟಕ್ ಅಂತ ನಿಲ್ಲುವುದು. ಒಳಗೆಲ್ಲ ತಂಪಾದ ಮೇಲೆ ಅದು ನಿಂತರೆ ನ್ಯಾಯ. ಇದು ತಂಪಾಗುವ ಮೊದಲೇ ನಿಲ್ಲುತ್ತಿತ್ತು, ಕೆಲಸಗಳ್ಳ ಆಳಿನ ಹಾಗೆ. ಹೆದ್ದಾರಿಯಲ್ಲಿ ಓಡುವಾಗ ಒಂದಿಷ್ಟು ಮರ್ಯಾದೆಯಿಂದ ಇರುತ್ತಿತ್ತು. ಊರೊಳಗೆ ಬಂದು ನಿಧಾನವಾದರೆ ಸಾಕು, ಟಕ್, ಟಕ್, ಟಕ್.

ಹಾಗೇ ಕುಷ್ಟಗಿಗೆ ಒಂದು ಕೇಕ್ ಒಯ್ದೆ. ಮಗುವಿನ ಮೊದಲ ಹುಟ್ಟುಹಬ್ಬ, ಮನೆ ತುಂಬ ಬೀಗರು. ಡಬ್ಬಿ ತೆರೆದರೆ ಗುಲಾಬಿಗಳೆಲ್ಲ ಜಾರಿ ಒಂದು ಮೂಲೆಗೆ ಸೇರಿದ್ದವು, ಮಗುವಿನ ಹೆಸರು ಅರ್ಧ ಕರಗಿತ್ತು. ಮನೆಯೊಡತಿ ಇಣುಕಿ ನೋಡಿ, "ಏನ್ರಿ ಇದು, ಕೇಕ್ ಕೇಳಿದ್ರ ಪಾಯಸ ತಂದೀರಿ?" ಅಂದರು. ಬೀಗರೆಲ್ಲ ಹೋ ಎಂದು ನಕ್ಕರು. ನೆಲ ಬಾಯಿ ಬಿಡಬಾರದೇ ಅನಿಸಿತು. ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಕಾರಿಗೆ ಬಾಯಿಗೆ ಬಂದಂತೆ ಬೈದೆ.

ಮರುದಿನವೇ ಗ್ಯಾರೇಜಿಗೆ ಹೋದೆ. "ಅಕ್ಕಾರ, ಗ್ಯಾಸ್ ಕಡಿಮಿ ಆಗೇತ್ರಿ," ಎಂದು ಮೆಕ್ಯಾನಿಕ್ ಒತ್ತಡ ಅಳೆಯುವ ಮೀಟರ್ ಕೂಡ ಹಚ್ಚದೆ ಗ್ಯಾಸ್ ತುಂಬಿದ. ಕಾರಿನ ಮುಂಭಾಗದ ಎಸಿ ಜಾಲಿಗೆ ಜೋರಾಗಿ ನೀರು ಹೊಡೆದು ಫಳಫಳ ಮಾಡಿಕೊಟ್ಟ. ಟಕ್ ಟಕ್ ಇನ್ನೂ ಜಾಸ್ತಿಯಾಯಿತು. ಮತ್ತೆ ಹೋದರೆ, "ಹಂಗಾರ ಕಂಪ್ರೆಸರs ಹೋಗೇತ್ರಿ, ಹೊಸಾದು ಹಾಕಬೇಕು," ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನಗೆ ಮೈ ಉರಿದು ಹೋಯಿತು.

ಮನೆಯಲ್ಲಿ ಗಂಡ ಬೇರೆಯೇ ರಾಗ ತೆಗೆದರು. "ಸಾಕು, ಮಾರಿ ಬಿಡೂಣು. ನೀ ಊರಾಗಿನ ಆರ್ಡರ್ ಅಷ್ಟ ಮಾಡು. ಯಾಕ ಬೇಕು ಊರೂರು ತಿರಗೂದು?" ಅವರು ಆಗಲೇ ಗಿರಾಕಿಯನ್ನೂ ಹುಡುಕಿದ್ದರು. ಭಾನುವಾರ ಸಂಜೆ ಗಾಡಿ ನೋಡಲು ಬರುತ್ತಾರಂತೆ. ಆ ಭಾನುವಾರವೇ ಮಧ್ಯಾಹ್ನ ಯಲಬುರ್ಗಾಕ್ಕೆ ಒಂದು ಕೇಕ್ ಒಪ್ಪಿಕೊಂಡಿದ್ದೆ. ಆರ್ಡರ್ ಕೊಟ್ಟವರು ಕುಷ್ಟಗಿಯ ಆ ಮನೆಯೊಡತಿಯ ಅಕ್ಕ. "ತಂಗಿ ಎಲ್ಲಾ ಹೇಳ್ಯಾಳ. ಆದ್ರೂ ನಿಮ್ಮ ಕೈರುಚಿ ಛಲೋ ಅಂತ, ಇನ್ನೊಮ್ಮಿ ನೋಡ್ತೀನ್ರಿ," ಅಂದಿದ್ದರು. ಇದೂ ಕರಗಿದರೆ ಕುಷ್ಟಗಿ, ಯಲಬುರ್ಗಾ ಎರಡೂ ಕಡೆ ನನ್ನ ಹೆಸರು ಮುಗಿದಂತೆ. ಕಾರೂ ಹೋದಂತೆ. ನಾನು ಓಣಿಯ ಕೇಕಿನವಳಾಗಿ ಕೂರಬೇಕು.

"ಭಾನುವಾರ ಸಂಜೀತನಕ ಬಾಯಿ ಮುಚ್ಚಿಕೊಂಡು ತಡೀರಿ," ಎಂದು ಗಂಡನಿಗೆ ಹೇಳಿದೆ. ಮಾತು ಸ್ವಲ್ಪ ಹೆಚ್ಚೇ ಆಯಿತು, ಆಗಲಿ.

ಶನಿವಾರ ಬೆಳಿಗ್ಗೆ ಬಾನೆಟ್ ಎತ್ತಿ ನಿಂತೆ. ಕಾರಿನ ವಿದ್ಯೆ ನನಗೆ ಗೊತ್ತಿಲ್ಲ. ಆದರೆ ಫ್ರಿಜ್ಜಿನ ವಿದ್ಯೆ ಗೊತ್ತು. ಅದರ ಜೊತೆ ಬಾಳ್ವೆ ಮಾಡಿದವಳು ನಾನು. ಒಳಗಿನ ಕಾವು ಹೊರಗೆ ಹೋಗದಿದ್ದರೆ ಫ್ರಿಜ್ ಒದ್ದಾಡುತ್ತದೆ. ಕಾರಿಗೂ ಕಾವು ಬಿಡಲು ಮುಂದೆ ಒಂದು ಜಾಲಿ ಇದೆ. ಹಾಗಾದರೆ ನೋಡಿಯೇ ಬಿಡೋಣ ಎಂದು ಇಂಜಿನ್, ಎಸಿ ಎರಡೂ ಚಾಲೂ ಮಾಡಿ, ಕಂಪ್ರೆಸರ್ ಟಕ್ ಟಕ್ ಅನ್ನುತ್ತಿರುವಾಗಲೇ ಮುಂದಿನ ಜಾಲಿಯ ಮೇಲೆ ಒಂದು ಬಕೆಟ್ ನೀರು ಸುರಿದೆ. ಯವ್ವಾ! ಟಕ್ ನಿಂತೇ ಹೋಯಿತು. ಕಂಪ್ರೆಸರ್ ಒಂದೇ ಸಮನೆ ಗುಂಯ್ ಎಂದು ಓಡಿತು. ನೀರು ಆರಿತು, ಮತ್ತೆ ಟಕ್ ಟಕ್. ಇನ್ನೊಂದು ಬಕೆಟ್, ಮತ್ತೆ ಗುಂಯ್.

ಹಾಗಾದರೆ ಕಂಪ್ರೆಸರ್ ಗಟ್ಟಿಮುಟ್ಟಾಗಿದೆ! ಕಾವು ಹೊರಗೆ ಹೋಗದೆ ಒತ್ತಡ ಏರುತ್ತಿದೆ, ಅದು ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಲ್ಲುತ್ತಿದೆ. ಪಾಪ, ಸುಮ್ಮನೆ ಅದಕ್ಕೆ ಬೈದಿದ್ದೆ.

ಆದರೆ ಮುಂದಿನಿಂದ ನೋಡಿದರೆ ಜಾಲಿ ಸ್ವಚ್ಛ. ಇಂಜಿನ್ ಆರಿಸಿ, ಟಾರ್ಚ್ ಹಿಡಿದು ಮೇಲಿನಿಂದ ಬಗ್ಗಿ ನೋಡಿದೆ. ಎಸಿ ಜಾಲಿಯ ಬೆನ್ನಿಗೇ ರೇಡಿಯೇಟರ್. ಎರಡರ ನಡುವೆ ಬೆರಳು ಹೋಗದಷ್ಟು ಸಂದು. ಆ ಸಂದಿನಲ್ಲಿ ಏನಿತ್ತು ಅಂತೀರಿ? ಗಿರಣಿಯ ಹೊಟ್ಟು, ತೌಡು! ಗಿರಣಿಯ ಗೋಡೆಗೆ ಹತ್ತಿ ನಿಲ್ಲುವ ಕಾರು ವರ್ಷಗಟ್ಟಲೆ ಉಂಡದ್ದೆಲ್ಲ ಅಲ್ಲಿ ಕೂತಿತ್ತು. ಗ್ಯಾರೇಜಿನವ ಮುಂದಿನಿಂದ ನೀರು ಹೊಡೆದು ಅದನ್ನೇ ಒಳಗೆ ನೂಕಿ, ನಾದಿ, ರೊಟ್ಟಿ ತಟ್ಟಿ ಕೂರಿಸಿದ್ದ.

ಗಂಡನನ್ನು ಕರೆದೆ. ಇಣುಕಿ ನೋಡಿದರು. ಗಿರಣಿಯ ಹೊಟ್ಟನ್ನು ಅವರಿಗೆ ನಾನು ಪರಿಚಯ ಮಾಡಿಕೊಡಬೇಕೇ?

"ಮತ್ತ ನೀರು ಹೊಡಿಯೂಣೇನು?" ಅಂದರು.

"ಬಂದ ದಾರಿಗೇ ವಾಪಸ್ ಕಳಸಬೇಕು. ಹಿಂದಿನಿಂದ ಮುಂದಕ್ಕ ಗಾಳಿ ಹೊಡೀಬೇಕು," ಅಂದೆ. ರಾಶಿ ತೂರುವವರಿಗೆ ಗಾಳಿ ಯಾವ ಕಡೆಗೆ ಅನ್ನುವುದೇ ಮೊದಲ ಪಾಠ.

ಇಂಜಿನ್ ಪೂರ್ತಿ ಆರಿದ ಮೇಲೆ ಅವರು ಗೊಣಗುತ್ತ ರೇಡಿಯೇಟರಿನ ಮೇಲಿನ ಬೋಲ್ಟು ಸಡಿಲಿಸಿ ಅದನ್ನು ಮೆಲ್ಲಗೆ ಹಿಂದಕ್ಕೆ ವಾಲಿಸಿದರು. ನಾನು ಕೇಕಿನ ಪಾತ್ರೆಗೆ ಎಣ್ಣೆ ಸವರುವ ಮೆತ್ತನೆ ಬ್ರಷ್ಷಿನಿಂದ ಆ ರೊಟ್ಟಿಯನ್ನು ಕೆದರಿ ಸಡಿಲ ಮಾಡಿದೆ. ಜಾಲಿಯ ಎಳೆಗಳು ಬಲು ನಾಜೂಕು, ಒತ್ತಿದರೆ ಮಡಚಿಕೊಳ್ಳುತ್ತವೆ. ಗಿರಣಿಯಿಂದ ಗಾಳಿ ಪೈಪು ಎಳೆದು ತಂದು, ಗಂಡನನ್ನು ಮುಂದೆ ನಿಂತು ನೋಡಲು ಹೇಳಿ, ಸಂದಿನಲ್ಲಿ ದೂರದಿಂದ ಗಾಳಿ ಬಿಟ್ಟೆ. ಭುಸ್ ಎಂದು ಎಲ್ಲ ಅವರ ಮುಖಕ್ಕೇ ಬಂತು. ಮೀಸೆ, ಹುಬ್ಬು, ತಲೆ ಎಲ್ಲ ತೌಡು. "ಏ, ನಿಂದರ, ನಿಂದರs!" ಎಂದು ಕುಣಿದರು. ನನಗೆ ನಕ್ಕು ನಕ್ಕು ಹೊಟ್ಟೆನೋವು ಬಂತು.

ಎಲ್ಲ ಮೊದಲಿನಂತೆ ಬಿಗಿದು ನೇರ ಗ್ಯಾರೇಜಿಗೆ ಹೋದೆ. "ಈಗಾದ್ರೂ ಮೀಟರ್ ಹಚ್ಚಿ ನೋಡಪಾ," ಅಂದೆ. ಹಚ್ಚಿದ. ಮುಳ್ಳು ನೋಡಿ ತಲೆ ಕೆರೆದುಕೊಂಡ. "ಗ್ಯಾಸ್ ಜಾಸ್ತಿ ಐತ್ರಿ ಅಕ್ಕಾರ."

"ತುಂಬಿದವರು ಯಾರು?"

ಅವನು ತಲೆ ತಗ್ಗಿಸಿ ಪೈಪು ಹಚ್ಚಿದ. ಹೆಚ್ಚಿನ ಗ್ಯಾಸನ್ನು ತನ್ನ ಸಿಲಿಂಡರಿಗೆ ಎಳೆದುಕೊಂಡು ಅಳತೆ ಸರಿ ಮಾಡಿಕೊಟ್ಟ.

ಭಾನುವಾರ ಸುಡು ಮಧ್ಯಾಹ್ನ ಹೊರಟೆ. ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಎರಡು ಅಂತಸ್ತಿನ ಕೇಕ್, ಮೇಲೆ ಕ್ರೀಮಿನ ಮಲ್ಲಿಗೆ. ಕೊಪ್ಪಳದೊಳಗೆ ಮೇವಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಬಿದ್ದೆ. ಹಿಂದೆ ಹಾರನ್, ಮುಂದೆ ಹೊಗೆ. ಕಿವಿ ಎಲ್ಲ ಬಾನೆಟ್ಟಿನ ಕಡೆಗೆ. ಗುಂಯ್ ಅನ್ನುವುದು ನಿಲ್ಲಲಿಲ್ಲ. ಕುಕನೂರು ದಾಟುವಾಗ ಒಳಗೆ ತಂಪೇರಿ, ಸೆರಗು ಹೊದ್ದುಕೊಂಡೆ. ಆಗ ಕಂಪ್ರೆಸರ್ ಒಮ್ಮೆ ಟಕ್ ಎಂದು ನಿಂತಿತು. ಆ ಟಕ್ ನ್ಯಾಯದ್ದು. ದುಡಿದು ಕೂತವನ ಟಕ್. ಒಬ್ಬಳೇ ಇದ್ದೆ, ಜೋರಾಗಿ ಶಿಳ್ಳೆ ಹೊಡೆದೆ.

ಯಲಬುರ್ಗಾದ ಆ ಅಕ್ಕ ಡಬ್ಬಿ ತೆರೆದು, ಬೆರಳ ತುದಿಯಿಂದ ತಟ್ಟೆ ಮುಟ್ಟಿ, "ಅಯ್ಯ, ಈಗ ಫ್ರಿಜ್ಜಿನಿಂದ ತಗದಂಗ ಐತಲ್ರಿ!" ಅಂದರು. ಮಲ್ಲಿಗೆಯ ಒಂದು ದಳವೂ ಬಾಗಿರಲಿಲ್ಲ. ಕೇಕಿನ ಫೋಟೋ ತೆಗೆದು ಅಲ್ಲೇ ತಂಗಿಗೆ ಕಳಿಸಿದರು. ಕುಷ್ಟಗಿಯಿಂದ ನನಗೇ ಫೋನ್ ಬಂತು. "ನಮ್ಮದೂ ಇನ್ನೊಂದು ಫಂಕ್ಷನ್ ಐತ್ರಿ," ಅಂದರು ಪಾಯಸದ ಮನೆಯೊಡತಿ. ನಾನು ಪಾಯಸದ ಮಾತೆತ್ತಲಿಲ್ಲ. ಗೆದ್ದವಳು ಅಷ್ಟು ದೊಡ್ಡತನ ತೋರಿಸಬಹುದು.

ಸಂಜೆ ಮನೆ ಮುಂದೆ ಕಾರು ನಿಲ್ಲಿಸಿದರೆ ಗಿರಾಕಿ ಚಾ ಕುಡಿಯುತ್ತ ಕೂತಿದ್ದರು. ಬಂದು ಮುಂದಿನ ಸೀಟಿನಲ್ಲಿ ಕೂತರು, ಎಸಿ ಹಚ್ಚಿ ಗಾಜು ಏರಿಸಿದರು, ಕಣ್ಣು ಮುಚ್ಚಿದರು. ಎಷ್ಟೋ ಹೊತ್ತಾದ ಮೇಲೆ ಇಳಿದು ನನ್ನ ಗಂಡನಿಗೆ, "ಭಾಳ ಛಲೋ ಐತ್ರಿ ಗಾಡಿ. ಇವತ್ತs ಮಾತು ಮುಗಿಸೂಣೇನ್ರಿ?" ಅಂದರು.

ಗಂಡ ನನ್ನ ಕಡೆ ನೋಡಿದರು. "ನನ್ನನ್ನ್ಯಾಕ ಕೇಳ್ತೀರಿ? ಗಾಡಿ ಅಕಿದು. ಅಕಿನ್ನ ಕೇಳ್ರಿ."

ಅವರು ನನ್ನನ್ನು ಕೇಳಿದರು. "ಕೊಡಂಗಿಲ್ರಿ," ಅಂದೆ.