ಕುರ್ಚಿಯಲ್ಲಿ ಕೂತವರು

ಸೊಸೆಯಾಗಿ ಹಳಿಯಾಳದ ಈ ಮನೆಗೆ ಬಂದ ದಿನ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಪಡಸಾಲೆಯ ಗೋಡೆ ತುಂಬ ಕೂತಿದ್ದ ಹೆಣಗಳು. ಗಾಬರಿಯಾಗಬೇಡಿ, ಫೋಟೋಗಳು. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಮೈತೊಳೆದು, ಹಣೆ ತುಂಬ ವಿಭೂತಿ ಹಚ್ಚಿ, ಹಾರ ಹಾಕಿ ಕೂಡಿಸುತ್ತೇವೆ. ಕೂಡಿಸಿದವರ ಸುತ್ತ ಮನೆಮಂದಿಯೆಲ್ಲ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ರೂಢಿಯೂ ಇತ್ತು. ನನ್ನ ತವರು ಮುಂಡಗೋಡ ಕಡೆಯ ಸನವಳ್ಳಿ. ಅಲ್ಲಿ ಅಂಥದೊಂದು ಫೋಟೋ ಯಾರದೋ ಶ್ರೀಮಂತರ ಮನೆಯಲ್ಲಿ ಇದ್ದೀತು. ಇಲ್ಲಿ ಗೋಡೆಗೆ ಜಾಗ ಸಾಲದಷ್ಟು ಇದ್ದವು.

ಯಾಕೆಂದರೆ ಇದು ಪತ್ರಿಕೆಯ ಮನೆ. ನನ್ನ ಗಂಡನ ಅಜ್ಜ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಶುರು ಮಾಡಿದ ವಾರಪತ್ರಿಕೆಯನ್ನು ಮಾವನವರು ಪೂರಾ ಕನ್ನಡ ಮಾಡಿದ್ದರು. ಮನೆಯ ಕೆಳಗೆ ಅಚ್ಚುಕೂಟ, ಮೇಲೆ ನಾವು. ಮನೆತನದ ಇತಿಹಾಸವೆಲ್ಲ ಆ ಗೋಡೆಯ ಮೇಲಿತ್ತು, ಕಣ್ಣು ಮುಚ್ಚಿಕೊಂಡು. ಮುತ್ತಜ್ಜ, ಅಜ್ಜ, ಅಜ್ಜನ ಇಬ್ಬರು ತಮ್ಮಂದಿರು, ಎಲ್ಲರೂ ಅದೇ ಸಾಗುವಾನಿ ಕುರ್ಚಿಯಲ್ಲಿ. ಹಳೆಯ ಕಾಲದ ಕ್ಯಾಮರಾ, ಬಹಳ ಹೊತ್ತು ಅಲುಗಾಡದೆ ನಿಲ್ಲಬೇಕಿತ್ತಂತೆ. ಬದುಕಿದ್ದವರಿಗೆ ಅದು ಎಲ್ಲಿ ಸಾಧ್ಯ? ಹಾಗಾಗಿ ಸತ್ತವರು ಸ್ಪಷ್ಟವಾಗಿ, ಲಕ್ಷಣವಾಗಿ ಬಂದಿದ್ದರು. ಸುತ್ತ ನಿಂತ ಜೀವಂತ ಮಂದಿ ಮಸುಕು ಮಸುಕಾಗಿ, ದೆವ್ವಗಳ ಹಾಗೆ ಕಾಣುತ್ತಿದ್ದರು.

ಅತ್ತೆಯವರು ಅವುಗಳಲ್ಲಿ ಮೂರು ಫೋಟೋದಲ್ಲಿ ಇದ್ದರು. ಒಂದರಲ್ಲೂ ಮುಖ ಕಾಣುತ್ತಿರಲಿಲ್ಲ, ಸೆರಗು ಮಾತ್ರ.

‘ನೋಡ ತಂಗಿ,’ ಎಂದು ನನಗೆ ತೋರಿಸುತ್ತಿದ್ದರು, ‘ಇದು ನಾನು, ಇದೂ ನಾನು. ಹೌದಂತ ನನಗ ಗೊತ್ತು ಅಷ್ಟ.’

ಅವರಿಗೆ ಒಂದೇ ಒಂದು ಆಸೆ ಇತ್ತು. ಬದುಕಿರುವಾಗ, ಕಣ್ಣು ತೆರೆದು, ಮುಖ ಕಾಣುವ ಹಾಗೆ ಒಂದು ಫೋಟೋ. ಆಗಾಗ ಮಾವನವರ ಮುಂದೆ ಆ ಮಾತು ತೆಗೆಯುತ್ತಿದ್ದರು. ‘ಹೆಂಗೂ ಒಂದಿನ ನನ್ನ ಕುಂಡ್ರಿಸಿ ಫೋಟೋ ತಗೀತೀರಿ. ಅದನ್ನ ಈಗಽ ತಗೀರಿ. ಸತ್ತ ಮ್ಯಾಲ ನಾನೇನು ನೋಡಾಕ ಬರ್ತೇನೇನು?’

ಮಾವನವರು ಪತ್ರಿಕೆಯಿಂದ ಕಣ್ಣೆತ್ತದೆ ಹೇಳುತ್ತಿದ್ದರು: ‘ಫೋಟೋ ಅಂದ್ರ ಸುದ್ದಿ ಇರಬೇಕು. ನಿಂದೇನು ಸುದ್ದಿ ಐತಿ?’

ದಾಂಡೇಲಿಗೆ ಬಂದು ಅಡಿಗಲ್ಲಿಗೊಂದಿಷ್ಟು ಕುಂಕುಮ ಹಚ್ಚಿ ಹೋದ ಮಂತ್ರಿಯದು ಸುದ್ದಿ. ಮಂತ್ರಿಗೆ ಹಾರ ಹಾಕಿದವರದೂ ಸುದ್ದಿ. ಮೂವತ್ತು ಮಂದಿಗೆ ದಿನಾ ರೊಟ್ಟಿ ಬಡಿದವಳದು ಏನು ಸುದ್ದಿ, ಅಲ್ಲವೇ? ಹೊಸ ಸೊಸೆ, ನಾನು ಬಾಯಿ ಮುಚ್ಚಿಕೊಂಡು ಇದ್ದೆ.

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಹೊಗೆ ಕಾಣಿಸಿಕೊಂಡ ಕಾಲಕ್ಕೆ ನಮ್ಮ ಪತ್ರಿಕೆಗೆ ಬೆಳ್ಳಿಹಬ್ಬ ಬಂತು. ವಿಶೇಷ ಸಂಚಿಕೆಗೆ ಮಾಲೀಕರ ಕುಟುಂಬದ ಫೋಟೋ ಬೇಕು ಎಂದು ನನ್ನ ಗಂಡ ಹಟ ಹಿಡಿದರು. ಅಂತೂ ಅತ್ತೆಯವರಿಗೆ ಸುದ್ದಿಯ ಯೋಗ ಕೂಡಿ ಬಂತು. ಇಳಕಲ್ ಸೀರೆ, ಮೂಗುತಿ, ತುರುಬಿಗೆ ಅಬ್ಬಲಿಗೆ ದಂಡೆ, ಹಣೆಗೆ ಎಂದಿಗಿಂತ ದಪ್ಪ ವಿಭೂತಿ. ಬೆಳಗ್ಗಿನಿಂದ ಕನ್ನಡಿಯ ಮುಂದೆ ಕಣ್ಣು ಅರಳಿಸಿ ಅರಳಿಸಿ ರೂಢಿ ಮಾಡಿಕೊಂಡರು.

ಫೋಟೋಗ್ರಾಫರ್ ಬಂದವನೇ ಅಭ್ಯಾಸಬಲದಿಂದ ಸಾಗುವಾನಿ ಕುರ್ಚಿಯನ್ನು ಎಳೆದು ನಡುವೆ ಇಟ್ಟ. ‘ಯಜಮಾನ್ರು ಕುಂದರ್ರಿ’ ಎಂದ. ಮೂಢನಂಬಿಕೆಯ ಮೇಲೆ ವರ್ಷಕ್ಕೆ ನಾಲ್ಕು ಸಂಪಾದಕೀಯ ಬರೆಯುತ್ತಿದ್ದ ಮಾವನವರು ಆ ಕುರ್ಚಿಯನ್ನು ಒಮ್ಮೆ ನೋಡಿದರು, ಗೋಡೆಯನ್ನು ಒಮ್ಮೆ ನೋಡಿದರು. ‘ನನಗ ಸೊಂಟ ನೋವ ಐತಿ, ನಿಂತರಽ ಆರಾಮ’ ಎಂದರು.

‘ಅಯ್ಯ, ನಾ ಕುಂದರ್ತೇನಿ ಬಿಡ್ರಿ,’ ಎಂದು ಅತ್ತೆಯವರು ಹೋಗಿ ಕೂತೇಬಿಟ್ಟರು.

ನಾವೆಲ್ಲ ಸುತ್ತ ನಿಂತೆವು. ಅವನ ಹತ್ತಿರ ಆಗ ಹೊಸದಾಗಿ ಫ್ಲ್ಯಾಶ್ ಬಲ್ಬು ಬಂದಿತ್ತು. ಫಳ್ ಎಂದಿತು. ನಾವೆಲ್ಲ ಹೇಗೋ ತಡೆದುಕೊಂಡೆವು. ಅಷ್ಟು ಹೊತ್ತು ಕಣ್ಣರಳಿಸಿ ಕೂತಿದ್ದ ಅತ್ತೆಯವರು ಅದೊಂದು ಗಳಿಗೆ ಕಣ್ಣು ಮುಚ್ಚಿದರು. ನಮಗದು ಗೊತ್ತಾಗಲಿಲ್ಲ. ಫೋಟೋ ತೊಳೆದವನಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆ ಕುರ್ಚಿಯಲ್ಲಿ ಕೂತವರ ಕಣ್ಣು ತೆರೆದದ್ದನ್ನು ಅವನು ಎಂದಾದರೂ ಕಂಡಿದ್ದರೆ ತಾನೆ? ನೇರವಾಗಿ ಹುಬ್ಬಳ್ಳಿಗೆ ಬ್ಲಾಕು ಮಾಡಲು ಕಳಿಸಿಬಿಟ್ಟ. ಆಗೆಲ್ಲ ಫೋಟೋ ಅಚ್ಚಾಗಬೇಕೆಂದರೆ ಲೋಹದ ಬ್ಲಾಕು ಬೇಕು, ಬ್ಲಾಕು ಬೇಕೆಂದರೆ ಹುಬ್ಬಳ್ಳಿಯೇ ಗತಿ.

ಅದೇ ವಾರ ಸನವಳ್ಳಿಯಲ್ಲಿ ನನ್ನ ತಂಗಿಯ ಮದುವೆ. ಮನೆಗೆ ಬೀಗ ಜಡಿದು ಎಲ್ಲರೂ ಹೊರಟೆವು. ಬ್ಲಾಕು ಇನ್ನೂ ಬಂದಿರಲಿಲ್ಲ, ಅಚ್ಚಿನ ಮೊಳೆ ಜೋಡಿಸುವ ನಮ್ಮ ಕಂಪೋಜಿಟರ್ ಫೋಟೋ ತೆಗೆಸುವ ಮೊದಲೇ ರಜೆಯ ಮೇಲೆ ಜೋಯಿಡಾದ ತನ್ನ ಊರಿಗೆ ಹೋಗಿದ್ದ. ಮಾವನವರು ಎದುರಿನ ಚಹಾ ಅಂಗಡಿಯವನಿಗೆ ಅಚ್ಚುಕೂಟದ ಕೀಲಿ ಕೊಟ್ಟು ಹೇಳಿದರು: ‘ಅವ ಬಂದ್ರ ಹೇಳು, ಬ್ಲಾಕ್ ಬಂದ ಕೂಡ್ಲೇ ಮೊದಲನೇ ಪುಟದಾಗ ಹಾಕು ಅಂತ. ಒಂದ ಕಟ್ಟು ಮುಂಡಗೋಡ ಬಸ್ಸಿಗೆ ಹಾಕಲಿ.’ ಮದುವೆಗೆ ಬಂದವರಿಗೆಲ್ಲ ಬೆಳ್ಳಿಹಬ್ಬದ ಸಂಚಿಕೆ ಹಂಚಬೇಕೆಂದು ಅವರ ಲೆಕ್ಕ. ಯಾವ ಬ್ಲಾಕು, ಅದರ ಕೆಳಗೆ ಏನು ಬರೆಯಬೇಕು ಎಂದೆಲ್ಲ ಹೇಳುವ ರೂಢಿ ಅವರಿಗೆ ಇರಲಿಲ್ಲ. ನಮ್ಮ ಕಂಪೋಜಿಟರಿಗೆ ಹೇಳಬೇಕಾಗಿಲ್ಲ ಎನ್ನುತ್ತಿದ್ದರು.

ಮದುವೆ ಚೆನ್ನಾಗಿಯೇ ಆಯಿತು. ಪಂಕ್ತಿ ಕೂತಿತು. ಬಸ್ಸಿನಿಂದ ಪತ್ರಿಕೆಯ ಕಟ್ಟು ಬಂತು. ನನ್ನ ಸೋದರಮಾವ ಹಗ್ಗ ಬಿಚ್ಚಿ ಚಪ್ಪರದ ತುಂಬ ಹಂಚಿದ. ಒಂದು ಮೂಲೆಯಲ್ಲಿ ಯಾರೋ ‘ಶಿವ ಶಿವಾ’ ಎಂದರು. ಇನ್ನೊಂದು ಮೂಲೆಯಲ್ಲಿ ಒಬ್ಬಳು ಲಬೋ ಲಬೋ ಎಂದು ಬಾಯಿ ಬಡಿದುಕೊಂಡಳು. ನಾನು ಓಡಿ ಹೋಗಿ ಪತ್ರಿಕೆ ಕಸಿದುಕೊಂಡು ನೋಡಿದೆ. ಮೊದಲ ಪುಟ, ಬೆರಳು ದಪ್ಪದ ಕಪ್ಪು ಅಂಚು, ಮೇಲೆ ‘ಲಿಂಗೈಕ್ಯ’ ಎಂಬ ತಲೆಬರಹ, ನಡುವೆ ಕಣ್ಣು ಮುಚ್ಚಿ ಕೂತ ಅತ್ತೆಯವರು, ಸುತ್ತ ಗಂಭೀರವಾಗಿ ನಿಂತ ನಾವು. ಕೆಳಗೆ ಅವರ ದಾನ, ಧರ್ಮ, ಕೈಗುಣದ ಬಗ್ಗೆ ಉದ್ದಕ್ಕೆ ಬರೆದಿತ್ತು. ಬರೆದದ್ದು ಎಲ್ಲವೂ ನಿಜ, ಅದನ್ನು ಒಪ್ಪಬೇಕು.

ಆ ಮಹಾತಾಯಿ ಆ ಹೊತ್ತಿಗೆ ಪಂಕ್ತಿಯಲ್ಲಿ ಕೂತು, ಬಡಿಸುವವನಿಗೆ ‘ಇನ್ನೊಂದೀಟ ಹುಗ್ಗಿ ಹಾಕಪಾ’ ಎನ್ನುತ್ತಿದ್ದರು. ಅವನು ಪತ್ರಿಕೆ ನೋಡಿದ್ದನೋ ಏನೋ, ಸೌಟು ಎತ್ತಿ ಹಿಡಿದುಕೊಂಡು ಹಾಗೇ ನಿಂತಿದ್ದ.

ಕಂಪೋಜಿಟರನದೇನು ತಪ್ಪು? ಜೋಯಿಡಾದಿಂದ ಬಂದು ನೋಡಿದರೆ ಮನೆಗೆ ಬೀಗ. ಚಹಾ ಅಂಗಡಿಯವನು ‘ಎಲ್ಲಾರೂ ಗಡಿಬಿಡೀಲೆ ಹ್ವಾದ್ರು, ಬ್ಲಾಕ್ ಮೊದಲನೇ ಪುಟಕ್ಕಂತ’ ಎಂದಿದ್ದಾನೆ. ಬ್ಲಾಕು ಬಿಚ್ಚಿದರೆ ಆ ಕುರ್ಚಿ, ಆ ವಿಭೂತಿ, ಆ ಕಣ್ಣು. ಆ ಮನೆಯ ಯಾವ ಫೋಟೋಗೆ ಕಪ್ಪು ಅಂಚು ಇರಲಿಲ್ಲ? ಪಾಪ, ಅತ್ತೆಯವರ ಕೈಯ ರೊಟ್ಟಿ ತಿಂದವನು, ಅತ್ತುಕೊಂಡೇ ಮೊಳೆ ಜೋಡಿಸಿದ್ದನಂತೆ.

ಅತ್ತೆಯವರು ಮೊದಲು ಬಿದ್ದು ಬಿದ್ದು ನಕ್ಕರು. ‘ನಾ ಸತ್ರ ಯಾರ್ ಯಾರ್ ಅಳ್ತಾರಂತ ಗೊತ್ತಾತು. ಯಾರ್ ಅಳಂಗಿಲ್ಲಂತನೂ ಗೊತ್ತಾತು,’ ಎಂದು ಒಬ್ಬಿಬ್ಬರ ಕಡೆ ನೋಡಿದರು. ನಗು ಮುಗಿದ ಮೇಲೆ ಮಾವನವರಿಗೆ ಹೇಳಿದರು: ‘ಬರೂ ವಾರ ಬರೀರಿ ಮತ್ತ. ನಾ ಇನ್ನಾ ಬದುಕೇನಿ ಅಂತ.’

ಮಾವನವರು ಗಂಟಲು ಸರಿಮಾಡಿಕೊಂಡರು. ‘ನಮ್ಮ ಪತ್ರಿಕಾ ಇವತ್ತಿನ ತನಕ ತಿದ್ದುಪಡಿ ಹಾಕಿಲ್ಲ.’

ಅದು ನಿಜ. ತಪ್ಪು ಮಾಡಿರಲಿಲ್ಲ ಎಂದಲ್ಲ, ಹಾಕಿರಲಿಲ್ಲ. ಒಮ್ಮೆ ಹಳಿಯಾಳದಲ್ಲಿ ಒಳ್ಳೆಯ ಮಳೆ ಎಂದು ಅಚ್ಚಾಗಿ, ಹನಿ ಬಿದ್ದಿರಲಿಲ್ಲ. ಮುಂದಿನ ವಾರ ಮಳೆಯೇ ಬಂದು ಪತ್ರಿಕೆಯ ಮಾನ ಉಳಿಸಿತು. ತಿದ್ದುಪಡಿ ಹಾಕಿದರೆ ಜನ ಉಳಿದ ಸುದ್ದಿಯನ್ನೂ ನಂಬುವುದಿಲ್ಲ ಎಂಬುದು ಅವರ ಸಿದ್ಧಾಂತ. ‘ನೀ ಬದುಕೀದಿ ಅಂತ ಜನಾ ನೋಡ್ತಾರಲ್ಲ, ಮತ್ಯಾಕ ಬರೀಬೇಕು?’ ಎಂದರು.

‘ಜೋಯಿಡಾದ ಮಂದಿ ಹೆಂಗ ನೋಡಬೇಕು? ಹೆಗಲ ಮ್ಯಾಲ ಹೊತ್ಕೊಂಡು ತಿರುಗಸ್ತೀರೇನು?’

ಮಾವನವರು ಜಗ್ಗಲಿಲ್ಲ. ಅತ್ತೆಯವರು ತಾವೇ ತಿರುಗಿದರು. ಮೌಳಂಗಿಯಲ್ಲಿ ಅವರ ಅಕ್ಕ ಇದ್ದರು, ಕಣ್ಣು ಮಂಜಾಗಿತ್ತು. ಸುದ್ದಿ ಕೇಳಿ ಅನ್ನ ಬಿಟ್ಟಿದ್ದಾರೆಂದು ತಿಳಿದು ನಾನೂ ಅತ್ತೆಯವರೂ ಬಸ್ಸು ಹತ್ತಿ ಹೋದೆವು. ಅಕ್ಕ ಅವರ ಮುಖ, ಕಿವಿ, ಕೈಬಳೆ ಎಲ್ಲ ಮುಟ್ಟಿ ನೋಡಿ, ‘ಖರೇನ ನೀನಽ ಏನವಾ? ಪೇಪರಿನ್ಯಾಗ ಬಂದೈತಲ್ಲ,’ ಎಂದರು. ಸ್ವಂತ ತಂಗಿಯ ಕೈ ಹಿಡಿದುಕೊಂಡೂ ಆಕೆಗೆ ಅನುಮಾನ. ಮರಳಿ ಬರುವಾಗ ಅತ್ತೆಯವರು ಬಸ್ಸಿನಲ್ಲಿ ತಮ್ಮ ಕೈಬಳೆಗಳನ್ನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನನಗೆ ಮಾವನವರ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಎದುರಿಗೆ ಸಿಕ್ಕಿದ್ದರೆ ಸೊಸೆ ಎನ್ನುವುದನ್ನು ಮರೆತು ಬೈದುಬಿಡುತ್ತಿದ್ದೆ.

ಅಂದಿನಿಂದ ಮನೆಯಲ್ಲಿ ಒಂದು ತಮಾಷೆ ಶುರುವಾಯಿತು. ಊಟಕ್ಕೆ ಕೂತ ಮಾವನವರು ‘ಇನ್ನೊಂದು ರೊಟ್ಟಿ’ ಎಂದರೆ, ಅತ್ತೆಯವರು ‘ಸತ್ತಾಕಿ ಹೆಂಗ ಹಾಕ್ಲಿ? ಪೇಪರ್ ನೋಡ್ರಿ’ ಎನ್ನುವರು. ರೊಟ್ಟಿ ಹಾಕುತ್ತಿದ್ದರು, ಬೆಣ್ಣೆಯನ್ನೂ ಹಾಕುತ್ತಿದ್ದರು. ನಾವು ನಗುತ್ತಿದ್ದೆವು. ಆದರೆ ಅವರಿಗೆ ಓದು ಬರುತ್ತಿರಲಿಲ್ಲ. ಪತ್ರಿಕೆ ಅಚ್ಚಾದ ದಿನ ಒಂದು ಪ್ರತಿ ತೆಗೆದುಕೊಂಡು ಹಿತ್ತಲಿಗೆ ಬಂದು ನನ್ನ ಪಕ್ಕ ಕೂರುತ್ತಿದ್ದರು.

‘ಓದ ತಂಗಿ. ಇವತ್ತರ ಬಂದೈತೇನು?’

ಮೊದಲ ಪುಟದಿಂದ ಕೊನೆಯ ಪುಟದ ಭತ್ತದ ದರದವರೆಗೆ ಎಲ್ಲ ಓದಿಸುತ್ತಿದ್ದರು. ತಿದ್ದುಪಡಿ ಬಂದಿಲ್ಲ ಎಂದರೆ ‘ಇರಲಿ ಬಿಡು’ ಎಂದು ಏಳುತ್ತಿದ್ದರು. ಮುಂದಿನ ವಾರ ಮತ್ತೆ ಬಂದು ಕೂರುತ್ತಿದ್ದರು. ಹೀಗೆ ವರ್ಷಗಟ್ಟಲೆ ನಡೆಯಿತು. ಆ ಪತ್ರಿಕೆಯನ್ನು ಅಷ್ಟು ಶ್ರದ್ಧೆಯಿಂದ ಓದಿದ ಓದುಗರು ನಾವಿಬ್ಬರೇ ಇರಬೇಕು.

ಒಂದು ಚಳಿಗಾಲ ಜ್ವರ ಹಿಡಿದು ಅತ್ತೆಯವರು ನಿಜವಾಗಿ ತೀರಿಕೊಂಡರು. ಅದೇ ಕುರ್ಚಿಯಲ್ಲಿ ಕೂಡಿಸಿದೆವು. ಸುದ್ದಿ ಮುಟ್ಟಿಸಿದ ಕಡೆಯೆಲ್ಲ ‘ಅವರು ಹಿಂದೇ ಹೋಗಿದ್ರಲ್ಲ’ ಎನ್ನುವವರು ಇದ್ದರು. ಫೋಟೋಗ್ರಾಫರ್ ಬಂದು ಕ್ಯಾಮರಾ ನಿಲ್ಲಿಸಿದ. ಮಾವನವರು ಅವನ ಭುಜದ ಮೇಲೆ ಕೈಯಿಟ್ಟು, ‘ಬ್ಯಾಡಪಾ’ ಎಂದರು. ಬೀಗರು, ಬಿಜ್ಜರು ಗುಜುಗುಜು ಮಾಡಿದರು.

ಮಣ್ಣು ಕೊಟ್ಟು ಬಂದ ಮರುದಿನ ಮಾವನವರೇ ಅಚ್ಚುಕೂಟಕ್ಕೆ ಇಳಿದರು. ಕಂಪೋಜಿಟರನನ್ನು ಆಚೆ ಸರಿಸಿ ತಾವೇ ಮೊಳೆ ಜೋಡಿಸಿದರು. ಪತ್ರಿಕೆ ಬಂತು. ಕಪ್ಪು ಅಂಚು ಇಲ್ಲ, ಫೋಟೋ ಇಲ್ಲ. ಮೊದಲ ಪುಟದ ನಡುವೆ ನಾಲ್ಕು ಸಾಲು:

‘ತಿದ್ದುಪಡಿ. ನನ್ನ ಹೆಂಡತಿ ತೀರಿಕೊಂಡಳೆಂದು ಹಿಂದೆ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಪ್ರಕಟವಾಗಿತ್ತು. ಅದು ತಪ್ಪು. ಆಗ ಅವಳು ಇದ್ದಳು. ಮೊನ್ನೆ ಸೋಮವಾರದವರೆಗೂ ಇದ್ದಳು.’

ಓದಿ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಪತ್ರಿಕೆ ಹಿಡಿದುಕೊಂಡು ಪಡಸಾಲೆಗೆ ಹೋದೆ. ಮಾವನವರು ಗೋಡೆಗೊರಗಿ ಒಬ್ಬರೇ ಕೂತಿದ್ದರು. ಅಷ್ಟು ವರ್ಷದಲ್ಲಿ ಮೊದಲ ಸಲ ಅವರೆದುರು ದನಿ ಎತ್ತಿದೆ.

‘ಮಾವಾರ, ಇದನ್ನ ಈಗ ನಾ ಯಾರಿಗೆ ಓದಿ ಹೇಳ್ಲಿ?’

ಅವರು ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು ಸರಿದು ಕೂತು, ‘ನನಗಽ ಓದವಾ’ ಎಂದರು.